ಋತುಧರ್ಮವೂ ಹೆಣ್ಣುಮಕ್ಕಳ ವಿದ್ಯೆಯೂ

ತಾಳಗುಂದ, ಬಳ್ಳಿಗಾವೆ, ಬನವಾಸಿ ಎಂಬ ಹೆಸರುಗಳನ್ನು ಕೇಳದ ಕನ್ನಡಿಗರು ವಿರಳ. ಶಿಕಾರಿಪುರ, ಸೊರಬ ತಾಲೂಕುಗಳ ಸೀಮೆಯು ಕನ್ನಡನಾಡಿನ ವಿದ್ಯೆಯ ಚರಿತ್ರೆಯಲ್ಲಿ ಬಹು ಪ್ರಾಚೀನ ಕಾಲದಿಂದಲೂ ಗೌರವದ ಸ್ಥಾನವನ್ನು ಪಡೆದಿರತಕ್ಕದ್ದು. ಮಯೂರಶರ್ಮನು ತನ್ನ ಗುರುವಾದ ವೀರಶರ್ಮನೊಡನೆ ವಿದ್ಯೆಯನ್ನು ಪೂರ್ಣಗೊಳಿಸುವುದಕ್ಕಾಗಿ ಕಾಂಚಿಯ ಘಟಿಕೆಗೆ ಹೋದ ಸಂಗತಿಯನ್ನು ತಿಳಿಸುವುದು ತಾಳಗುಂದದ ಸ್ತಂಭಶಾಸನ. ಕ್ರಿ. ಶ. ೧೧೬೨ರ ಬಳ್ಳಿಗಾವೆಯ ಶಾಸನವೊಂದು ಅಲ್ಲಿನ ಕೋಡಿಯ ಮಠವನ್ನು ನಾಲ್ಕು ವೇದಗಳು, ವ್ಯಾಕರಣಗಳು, ದರ್ಶನಗಳು, ಪುರಾಣಗಳು, ಕಾವ್ಯನಾಟಕಗಳು ಇವೆಲ್ಲವುಗಳ ವ್ಯಾಸಂಗಸ್ಥಾನವೆಂದು ಕೊಂಡಾಡುತ್ತದೆ. ದೀನರಿಗೂ ಅಂಗಹೀನರಿಗೂ ಅನ್ನವನ್ನಿಕ್ಕುವ, ರೋಗಿಗಳಿಗೆ ಚಿಕಿತ್ಸೆಯನ್ನು ಮಾಡುವ ಸ್ಥಾನವೆಂದೂ ಹೇಳುತ್ತದೆ. ಸೊರಬ ತಾಲೂಕಿನ ಹೊಸಬಾಳೆಯೇ ಮೊದಲಾದ ಗ್ರಾಮಗಳು ಇಂಥ ನೆರೆಹೊರೆಯಲ್ಲಿ ಬಾಳಿ ಬಂದುವು.

ಆದರೆ ವಿದ್ಯೆಯನ್ನೂ ಅನ್ನವನ್ನೂ ಔಷಧವನ್ನೂ ಇಷ್ಟು ವಿಸ್ತಾರವಾಗಿ ಎಣಿಸುವ ಆ ಪಟ್ಟಿಯಲ್ಲಿ ಹುಡುಗಿಯರ ಪಾಠದ ಪ್ರಸ್ತಾಪವಿಲ್ಲ. ಅದೇ ಶತಮಾನದಲ್ಲಿ ಅದೇ ಸೀಮೆಯ ಉಡುತಡಿಯಿಂದ ಅಕ್ಕಮಹಾದೇವಿಯು ಹೊರಟು ಕಲ್ಯಾಣವನ್ನೂ ಶ್ರೀಶೈಲವನ್ನೂ ಸೇರಿದಳು. ಬಳ್ಳಿಗಾವೆಯ ಅಲ್ಲಮಪ್ರಭುವು ಶರಣರಿಗೆ ಹಿರಿಯನಾದನು. ಹೆಣ್ಣಿನ ಬುದ್ಧಿಗೆ ಈ ಮಣ್ಣಿನಲ್ಲಿ ಎಂದೂ ಕೊರತೆಯಿರಲಿಲ್ಲವೆಂಬುದಕ್ಕೆ ಅಕ್ಕನ ಹೆಸರೊಂದೇ ಸಾಕು. ಆಕೆಯ ಹಾದಿಯು ಮಠದ ಪಾಠಶಾಲೆಯ ಹಾದಿಯಾಗಿರಲಿಲ್ಲ. ಮನೆಯನ್ನೂ ಅರಮನೆಯನ್ನೂ ತೊರೆದವಳ ಹಾದಿಯಾಗಿತ್ತು. ಮನೆಯಲ್ಲಿದ್ದುಕೊಂಡೇ ಓದಬೇಕಾದ ಸಾಮಾನ್ಯ ಹುಡುಗಿಗೆ ಆ ಹಾದಿಯು ತೆರೆದಿರಲಿಲ್ಲ. ಅವಳ ಓದು ಎಲ್ಲಿ ಆರಂಭವಾಯಿತು, ಎಲ್ಲಿ ನಿಂತಿತು, ಏಕೆ ನಿಂತಿತು ಎಂಬುದನ್ನು ವಿಚಾರಿಸಹೊರಟರೆ, ಶಾಸನಗಳೂ ಸರ್ಕಾರದ ವರದಿಗಳೂ ನೇರವಾಗಿ ಹೇಳದೆ ಬಿಟ್ಟ ಒಂದು ಸಂಗತಿಯು ದಾರಿಗೆ ಅಡ್ಡವಾಗಿ ನಿಲ್ಲುತ್ತದೆ. ಹುಡುಗಿಯು ಮೈನೆರೆಯುವಳೆಂಬುದೇ ಆ ಸಂಗತಿ.

ಈ ವಿಷಯದಲ್ಲಿ ಭಾಷೆಯೇ ಮೊದಲ ಸಾಕ್ಷಿ. ಸಂಸ್ಕೃತದಲ್ಲಿ ಇದಕ್ಕೆ 'ಋತು' ಎಂದು ಹೆಸರು; ವಸಂತ, ಗ್ರೀಷ್ಮಗಳಿಗಿರುವ ಹೆಸರೇ ಇದಕ್ಕೂ ಉಂಟು. ಅದರಲ್ಲಿ ಕಾಲಕ್ಕೆ ಸರಿಯಾಗಿ ಬರತಕ್ಕದ್ದೆಂಬ ಭಾವವಿದೆಯೇ ಹೊರತು ದೋಷದ ಭಾವವಿಲ್ಲ. ಕನ್ನಡದಲ್ಲಿ 'ಮೈನೆರೆಯುವುದು', 'ದೊಡ್ಡವಳಾಗುವುದು' ಎಂಬ ಮಾತುಗಳಲ್ಲಿಯೂ ತುಂಬುವಿಕೆಯ, ಬೆಳೆಯುವಿಕೆಯ ಅರ್ಥವೇ ಇದೆ. ಆದರೆ ಮೊದಲನೆಯ ಸಲ ಆರತಿಯೆತ್ತಿ ಆನಂದಪಟ್ಟ ಮನೆಯೇ ಎರಡನೆಯ ತಿಂಗಳಿನಿಂದ ಬೇರೆ ಮಾತನ್ನು ಆಡತೊಡಗುತ್ತದೆ: 'ಮುಟ್ಟಾದಳು', 'ಹೊರಗಾದಳು'. ಮುಟ್ಟಬಾರದುದಕ್ಕೆ 'ಮುಟ್ಟು' ಎಂದು ಹೆಸರಾಯಿತು. ಮನೆಯೊಳಗಿನವಳನ್ನು 'ಹೊರಗಿನವಳು' ಎಂದದ್ದಾಯಿತು. ಒಂದೇ ದೇಹಧರ್ಮಕ್ಕೆ ಹಬ್ಬದ ಮಾತೊಂದು, ಬಹಿಷ್ಕಾರದ ಮಾತೊಂದು.

ಇದಕ್ಕೆ ಮೂಲವಾದ ಕಥೆಯು ತೈತ್ತಿರೀಯ ಸಂಹಿತೆಯಲ್ಲಿದೆ. ವಿಶ್ವರೂಪನನ್ನು ಕೊಂದ ಇಂದ್ರನಿಗೆ ಬ್ರಹ್ಮಹತ್ಯೆಯು ಪ್ರಾಪ್ತವಾಗಲು, ಅವನು ಆ ಪಾಪವನ್ನು ಮೂರು ಪಾಲು ಮಾಡಿ ಭೂಮಿಗೊಂದು, ಮರಗಳಿಗೊಂದು, ಸ್ತ್ರೀಯರಿಗೊಂದು ಪಾಲನ್ನು ಹಂಚಿದನಂತೆ. ಸ್ತ್ರೀಯರ ಪಾಲೇ ರಜಸ್ಸಾಯಿತಂತೆ. ರಜಸ್ವಲೆಯು ಮಾಡಬಾರದ ಕೆಲಸಗಳ ಪಟ್ಟಿಯೂ ಆ ಕಥೆಯ ಬೆನ್ನಿಗೇ ಬರುತ್ತದೆ. ಪಾಪವನ್ನು ಮಾಡಿದವನು ಇಂದ್ರ, ಹೊತ್ತವಳು ಹೆಣ್ಣು ಎಂಬುದನ್ನು ವಾಚಕರು ಗಮನಿಸದಿರಲಾರರು. ಇನ್ನೊಂದು ಕಡೆ ವೈದ್ಯಶಾಸ್ತ್ರವು ಇದನ್ನು ನೋಡಿದ ಬಗೆಯೇ ಬೇರೆ. ಸುಶ್ರುತಸಂಹಿತೆಯು ರಜಸ್ಸಿನ ಕಾಲವು ಹನ್ನೆರಡನೆಯ ವರ್ಷದಿಂದ ಐವತ್ತನೆಯ ವರ್ಷದವರೆಗೆಂದು ಎಣಿಸಿ, ಅದನ್ನು ಶರೀರದ ವ್ಯಾಪಾರಗಳಲ್ಲಿ ಒಂದೆಂದು ವಿಚಾರಿಸುತ್ತದೆ. ಒಂದೇ ಸಂಸ್ಕೃತಿಯಲ್ಲಿ ವೈದ್ಯನ ಕಣ್ಣೂ ಪುರೋಹಿತನ ಕಣ್ಣೂ ಎರಡೂ ಇದ್ದುವು; ಮನೆಯ ಹೊಸ್ತಿಲಲ್ಲಿ ಗೆದ್ದುದು ಎರಡನೆಯದು.

ಜನಪದರು ಕಂಡ ಬಗೆಯು ಮೂರನೆಯದು. ತುಳುನಾಡಿನಲ್ಲಿ ಕೆಡ್ಡಸವೆಂಬ ಆಚರಣೆಯುಂಟು. ಆ ಮೂರು ದಿನಗಳಲ್ಲಿ ಭೂಮಿತಾಯಿಯು ಋತುಮತಿಯಾಗುವಳೆಂದು ನಂಬಿ ನೆಲವನ್ನು ಅಗೆಯುವುದಿಲ್ಲ, ಉಳುವುದಿಲ್ಲ. ಕೊನೆಯಲ್ಲಿ ಎಣ್ಣೆ ಸೀಗೆಗಳನ್ನಿಟ್ಟು ಅವಳನ್ನು ಉಪಚರಿಸುತ್ತಾರೆ. ಸೊರಬ ಸಾಗರಗಳ ಕಡೆ ದೀವರ ಮನೆಗಳಲ್ಲಿ ಭೂಮಿಹುಣ್ಣಿಮೆಗೆ ಹೆಂಗಸರು ಭೂಮಣ್ಣಿ ಬುಟ್ಟಿಗೆ ಚಿತ್ತಾರ ಬರೆದು, ಬಸುರಿಯಾದ ಭೂಮಿಗೆ ಬಯಕೆಯೂಟವನ್ನು ಗದ್ದೆಗೆ ಒಯ್ಯುತ್ತಾರೆ. ನೆಲಕ್ಕೆ ವಿಶ್ರಾಂತಿಯನ್ನೂ ಎಣ್ಣೆಯನ್ನೂ ಬಯಕೆಯೂಟವನ್ನೂ ಕೊಡಬಲ್ಲ ನಾಡು ಹುಡುಗಿಗೆ ಕೊಟ್ಟದ್ದು ಹಿತ್ತಲಿನ ಮೂಲೆಯನ್ನು.

ಹನ್ನೆರಡನೆಯ ಶತಮಾನದ ಶರಣರು ಈ ವ್ಯತ್ಯಾಸವನ್ನು ಕಾಣದೆ ಹೋಗಲಿಲ್ಲ. ಜನನ, ಮರಣ, ರಜಸ್ಸು, ಉಚ್ಛಿಷ್ಟ, ಜಾತಿ ಎಂಬ ಐದು ಸೂತಕಗಳನ್ನು ವೀರಶೈವಧರ್ಮವು ಲಿಂಗಧಾರಿಗಳಿಗೆ ಇಲ್ಲವೆಂದಿತು. ಮುಟ್ಟಾದ ಹೆಂಗಸೂ ಲಿಂಗಪೂಜೆಯನ್ನು ಬಿಡಬೇಕಾಗಿಲ್ಲವೆಂಬುದು ಆ ಕಾಲಕ್ಕೆ ಅಲ್ಪವಾದ ಮಾತಾಗಿರಲಿಲ್ಲ. ಅಕ್ಕನ, ಅಲ್ಲಮನ ಸೀಮೆಯಲ್ಲಿ ಈ ಮಾತಿಗೆ ಎಂಟು ಶತಮಾನಗಳಿಗೂ ಮೀರಿದ ವಯಸ್ಸಾಗಿದೆ. ಆದರೂ ಸಿದ್ಧಾಂತವು ಮಠದಲ್ಲಿ ನಿಂತು, ವಾಡಿಕೆಯು ಮನೆಯಲ್ಲಿ ಉಳಿಯುವುದು ಲೋಕದಲ್ಲಿ ಅಪೂರ್ವವೇನೂ ಅಲ್ಲ. ಚಿತ್ರದುರ್ಗ, ತುಮಕೂರು ಕಡೆಯ ಕಾಡುಗೊಲ್ಲರ ಹಟ್ಟಿಗಳಲ್ಲಿ ಮುಟ್ಟಾದವರನ್ನು ಊರ ಹೊರಗಿಡುವ ಪದ್ಧತಿಯು ಇಪ್ಪತ್ತೊಂದನೆಯ ಶತಮಾನಕ್ಕೂ ಸಾಗಿಬಂದಿತು. ಅವರ ತಂಗುವಿಕೆಗೆಂದು ಕೃಷ್ಣಕುಟೀರಗಳೆಂಬ ಕಟ್ಟಡಗಳೇ ಎದ್ದುವು. ೨೦೧೭ರಲ್ಲಿ ಕರ್ನಾಟಕವು ಮಾಡಿದ ಅಮಾನವೀಯ ದುಷ್ಟಪದ್ಧತಿಗಳ ನಿಷೇಧದ ಕಾಯಿದೆಯು ಮುಟ್ಟಾದ ಹೆಂಗಸರನ್ನು ಬಲಾತ್ಕಾರವಾಗಿ ಪ್ರತ್ಯೇಕಿಸುವುದನ್ನೂ ಅಪರಾಧಗಳ ಪಟ್ಟಿಗೆ ಸೇರಿಸಬೇಕಾಯಿತು.

ಈ ವಾಡಿಕೆಯು ವಿದ್ಯೆಯನ್ನು ತಡೆದುದು ಮುಖ್ಯವಾಗಿ ಮದುವೆಯ ಮೂಲಕ. ಪರಾಶರಸ್ಮೃತಿಯು ಎಂಟು ವರ್ಷದವಳನ್ನು ಗೌರಿಯೆಂದೂ, ಒಂಬತ್ತು ವರ್ಷದವಳನ್ನು ರೋಹಿಣಿಯೆಂದೂ, ಹತ್ತು ವರ್ಷದವಳನ್ನು ಕನ್ಯೆಯೆಂದೂ ಕರೆದು, ಅಲ್ಲಿಂದಾಚೆಗೆ ರಜಸ್ವಲೆಯೆಂದು ಎಣಿಸಿ, ಅದಕ್ಕೆ ಮೊದಲೇ ಮದುವೆಯನ್ನು ಮಾಡಬೇಕೆಂದು ತಂದೆಯನ್ನು ಹೆದರಿಸುತ್ತದೆ. ಹೀಗಿರಲು ಅಕ್ಷರವನ್ನು ಕಲಿಯಬೇಕಾದ ವರ್ಷಗಳೂ ಗಂಡನ ಮನೆಯನ್ನು ಸೇರಬೇಕಾದ ವರ್ಷಗಳೂ ಒಂದೇ ಆಗಿ ಹೋದುವು. ಒಕ್ಕಲು ಕುಲಗಳಲ್ಲಿ ಮೈನೆರೆದ ಮೇಲೆ ಮದುವೆಯಾಗುವ ರೂಢಿಯು ಹೆಚ್ಚಾಗಿತ್ತು. ಅಲ್ಲಿ ಹುಡುಗಿಯನ್ನು ತಡೆದುದು ಶಾಸ್ತ್ರಕ್ಕಿಂತ ಗದ್ದೆಯ ಕೆಲಸ, ತಮ್ಮ ತಂಗಿಯರ ಲಾಲನೆ ಹಾಗೂ ಶಾಲೆಯೇ ಇಲ್ಲದಿದ್ದುದು.

ಮೈಸೂರು ಸಂಸ್ಥಾನದಲ್ಲಿ ಗ್ರಾಮಗಳಿಗೆ ಶಾಲೆಗಳು ಹರಡತೊಡಗಿದುದು ೧೮೬೮ರ ಹೋಬಳಿ ಶಾಲೆಗಳ ಯೋಜನೆಯಿಂದ. ಅದನ್ನು ರೂಪಿಸಿದವರು ಬಿ. ಎಲ್. ರೈಸರು, ಶಿಕಾರಿಪುರ ಸೊರಬಗಳ ಶಾಸನಗಳನ್ನು ಎಪಿಗ್ರಾಫಿಯಾ ಕರ್ನಾಟಿಕದ ಸಂಪುಟಗಳಲ್ಲಿ ಅಚ್ಚು ಮಾಡಿಸಿದವರೂ ಅವರೇ. ೧೮೮೧ರಲ್ಲಿ ಮೈಸೂರಿನಲ್ಲಿ ಮಹಾರಾಣಿಯವರ ಬಾಲಿಕಾ ಪಾಠಶಾಲೆಯು ಆರಂಭವಾಯಿತು. ಆದರೆ ರಾಜಧಾನಿಯಲ್ಲಿ ಹಚ್ಚಿದ ದೀಪದ ಬೆಳಕು ಮಲೆನಾಡಿನ ಕಾಡಂಚಿಗೆ ಬರಲು ಬಹುಕಾಲ ಹಿಡಿಯಿತು. ೧೯೦೧ರ ಜನಗಣತಿಯ ವೇಳೆಗೆ ಸಂಸ್ಥಾನದ ಹೆಂಗಸರಲ್ಲಿ ನೂರಕ್ಕೆ ಒಬ್ಬಳಾದರೂ ಅಕ್ಷರಸ್ಥೆಯಾಗಿರಲಿಲ್ಲ. ಗಂಡಸರಲ್ಲಿ ಸುಮಾರು ಒಂಬತ್ತು ಮಂದಿ ಓದುಬರಹ ಬಲ್ಲವರಾಗಿದ್ದರು. ೧೯೧೩ರ ಪ್ರಾಥಮಿಕ ವಿದ್ಯಾಭ್ಯಾಸದ ಕಾನೂನು ಆಯ್ದ ಕೇಂದ್ರಗಳಲ್ಲಿ ಕಡ್ಡಾಯ ಶಿಕ್ಷಣಕ್ಕೆ ದಾರಿಮಾಡಿತಾದರೂ, ಆ ಕಡ್ಡಾಯದ ಎಲ್ಲೆಯು ಬಾಲ್ಯದೊಳಗೇ ಮುಗಿಯುತ್ತಿತ್ತು.

ಮದುವೆಯ ವಯಸ್ಸನ್ನು ಮೇಲೆತ್ತುವ ಕೆಲಸದಲ್ಲಿ ಮೈಸೂರು ಮುಂದಾಳಾಗಿತ್ತೆಂಬುದು ನಿಜ. ೧೮೯೪ರ ಶಿಶುವಿವಾಹ ನಿಷೇಧದ ಕಾನೂನು ಎಂಟು ವರ್ಷ ತುಂಬದ ಹುಡುಗಿಯ ಮದುವೆಯನ್ನೂ, ಐವತ್ತು ದಾಟಿದ ಗಂಡಸು ಹದಿನಾಲ್ಕು ತುಂಬದವಳನ್ನು ವರಿಸುವುದನ್ನೂ ತಡೆಯಿತು. ಬ್ರಿಟಿಷ್ ಇಂಡಿಯದಲ್ಲಿ ೧೯೨೯ರ ಶಾರದಾ ಕಾಯಿದೆಯು ಹುಡುಗಿಯ ವಯಸ್ಸನ್ನು ಹದಿನಾಲ್ಕಕ್ಕೆ ನಿಲ್ಲಿಸಿತು; ೧೯೪೯ರಲ್ಲಿ ಅದು ಹದಿನೈದಾಯಿತು, ೧೯೭೮ರಲ್ಲಿ ಹದಿನೆಂಟಾಯಿತು. ಎಂಟರಿಂದ ಹದಿನೆಂಟಕ್ಕೆ ಏರಲು ಎಂಭತ್ತನಾಲ್ಕು ವರ್ಷಗಳು ಬೇಕಾದುವು. ಹೀಗೆ ಮೈನೆರೆಯುವುದಕ್ಕೂ ಮದುವೆಗೂ ನಡುವೆ ಮೊದಲು ಇಲ್ಲದಿದ್ದ ಕೆಲವು ವರ್ಷಗಳು ಹುಡುಗಿಯ ಕೈಗೆ ಬಂದುವು. ಆ ವರ್ಷಗಳೇ ಪ್ರೌಢಶಾಲೆಯ ವರ್ಷಗಳು. ಶಾಲೆಯಲ್ಲಿ ಕುಳಿತಿರುವಾಗಲೇ ಮುಟ್ಟಾಗತಕ್ಕ ಹುಡುಗಿಯೆಂಬವಳು ಚರಿತ್ರೆಯಲ್ಲಿ ಹೊಸಬಳು. ಅವಳಿಗಾಗಿ ಶಾಲೆಯನ್ನು ಯಾರೂ ಕಟ್ಟಿರಲಿಲ್ಲ.

ಅಸಮಾನತೆಯ ಮಾತನ್ನು ಇಲ್ಲಿ ವಿವರವಾಗಿ ನೋಡಬೇಕು. ಸ್ಥಿತಿವಂತರ ಮನೆಯಲ್ಲಿ ಹೊರಗಾದವಳು ಮೂರು ದಿನ ಕೂರುತ್ತಿದ್ದಳು. ಅವಳಿಗೆ ಅವಮಾನವಿತ್ತು, ಆದರೆ ಹಳೆಯ ಸೀರೆಯ ತುಂಡುಗಳಿಗೂ ಬಿಸಿನೀರಿಗೂ ವಿಶ್ರಾಂತಿಗೂ ಬಡತನವಿರಲಿಲ್ಲ. ಕೂಲಿಯವರ ಮನೆಯಲ್ಲಿ ಕೂರುವ ಮಾತೇ ಇಲ್ಲ. ಕೂತರೆ ಅಂದಿನ ಕೂಲಿಯಿಲ್ಲ. ಉಟ್ಟ ಸೀರೆಯೇ ಎರಡಿದ್ದಾಗ ಹರಿದು ಕೊಡಲು ಮೂರನೆಯದು ಎಲ್ಲಿಂದ ಬರಬೇಕು? ಗೇಣಿದಾರರ ಬಾಳು ಎಂಥದಾಗಿತ್ತೆಂಬುದನ್ನು ೧೯೫೧ರಲ್ಲಿ ನೆರೆಯ ಸಾಗರ ತಾಲೂಕಿನ ಕಾಗೋಡಿನಲ್ಲಿ ನಡೆದ ಸತ್ಯಾಗ್ರಹವು ನಾಡಿಗೆ ತಿಳಿಸಿತು. ೧೯೭೪ರಲ್ಲಿ ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿಯಿಂದ ಉಳುವವರು ಹೊಲದೊಡೆಯರಾದಾಗ, ಮಗಳನ್ನು ಶಾಲೆಗೆ ಕಳುಹಿಸುವ ಶಕ್ತಿಯು ಮೊದಲ ಬಾರಿಗೆ ಅನೇಕ ಮನೆಗಳಿಗೆ ಬಂದಿತು. ಗೇಣಿಯ ಚೀಟಿಯೂ ಇಲ್ಲದ ಕೂಲಿಯವರಿಗೆ ಆ ಭಾಗ್ಯವು ಬರಲಿಲ್ಲ. ಆದುದರಿಂದ ಒಂದೇ ಊರಿನ ಒಂದೇ ತರಗತಿಯಲ್ಲಿ ಕುಳಿತ ಇಬ್ಬರು ಹುಡುಗಿಯರಿಗೆ ಆ ಐದು ದಿನಗಳು ಒಂದೇ ಆಗಿರಲಿಲ್ಲ.

ಬಟ್ಟೆಯೇ ಕೆಟ್ಟದ್ದೆಂದು ತಿಳಿಯಬಾರದು. ಶುಭ್ರವಾದ ಹತ್ತಿಯ ಬಟ್ಟೆಯನ್ನು ಸಾಬೂನಿನಿಂದ ಒಗೆದು ಬಿಸಿಲಲ್ಲಿ ಒಣಗಿಸಿದರೆ ಅದರಿಂದ ಬಾಧೆಯಿಲ್ಲ. ಆದರೆ ಬಟ್ಟೆಗೆ ನೀರು ಬೇಕು, ಮರೆ ಬೇಕು, ಬಿಸಿಲು ಬೇಕು. ಮಲೆನಾಡಿನ ಮಳೆಗಾಲದಲ್ಲಿ ಹೊರಗೆ ಹಾಸಿದ ಸೀರೆಯೇ ಒಣಗಲು ದಿನಗಟ್ಟಲೆ ಬೇಕಾಗುತ್ತದೆ. ಗಂಡಸರ ಕಣ್ಣಿಗೆ ಬೀಳಬಾರದೆಂದು ಬೇರೊಂದು ಬಟ್ಟೆಯ ಅಡಿಯಲ್ಲಿ ಬಚ್ಚಿಟ್ಟುದು ಒಣಗುವುದೆಂತು? ಜೂನ್ ತಿಂಗಳಲ್ಲಿ ಶಾಲೆ ತೆರೆಯುವುದಕ್ಕೂ ಮಳೆ ಹಿಡಿಯುವುದಕ್ಕೂ ಇಲ್ಲಿ ಒಂದೇ ಕಾಲ. ಒದ್ದೆಯಾದ ಬಟ್ಟೆಯಿಂದ ತುರಿ, ಹುಣ್ಣು, ಸೋಂಕುಗಳು ಬರುವುದು ಸಹಜ. ಕೇಡು ಬಟ್ಟೆಯಲ್ಲಿರಲಿಲ್ಲ, ಬಚ್ಚಿಡುವಿಕೆಯಲ್ಲಿತ್ತು.

ಅಂಗಡಿಯಲ್ಲಿ ದೊರೆಯುವ ಪ್ಯಾಡಿನ ಕಥೆಯು ಮೊದಲನೆಯ ಮಹಾಯುದ್ಧದೊಡನೆ ಕೂಡಿಕೊಂಡಿದೆ. ಗಾಯಾಳುಗಳಿಗಾಗಿ ಅಮೆರಿಕದಲ್ಲಿ ಮರದ ತಿರುಳಿನಿಂದ ಮಾಡಿದ, ಹತ್ತಿಗಿಂತ ಹೆಚ್ಚು ಹೀರುವ ಪಟ್ಟಿಯನ್ನು ಯುದ್ಧಭೂಮಿಯ ದಾದಿಯರು ತಮ್ಮ ಋತುಸ್ರಾವಕ್ಕೂ ಬಳಸಿಕೊಂಡರು. ಯುದ್ಧ ಮುಗಿದ ಮೇಲೆ ಉಳಿದ ಸರಕಿಗೆ ಮಾರುಕಟ್ಟೆಯನ್ನು ಹುಡುಕುತ್ತಿದ್ದ ಕಂಪೆನಿಯು ೧೯೨೦ರ ಸುಮಾರಿನಲ್ಲಿ ಅದನ್ನು 'ಕೋಟೆಕ್ಸ್' ಎಂಬ ಹೆಸರಿನಿಂದ ಮಾರತೊಡಗಿತು. ಭಾರತದಲ್ಲಿ ಇಂಥ ಸರಕು ಬಹುಕಾಲ ಪಟ್ಟಣದ ಔಷಧದಂಗಡಿಯ ವಸ್ತುವಾಗಿಯೇ ಇದ್ದಿತು. ಕಾಗದದಲ್ಲಿ ಸುತ್ತಿ ಕೊಡುವ ವಾಡಿಕೆಯೂ ಅದರೊಡನೆ ಬೆಳೆಯಿತು. ಕೊಯಮತ್ತೂರಿನ ಅರುಣಾಚಲಂ ಮುರುಗಾನಂದಂ ಅವರು ಹಳ್ಳಿಯ ಹೆಂಗಸರೇ ನಡೆಸಬಹುದಾದ ಅಗ್ಗದ ಯಂತ್ರವನ್ನು ನಿರ್ಮಿಸಿ, ೨೦೧೬ರಲ್ಲಿ ಪದ್ಮಶ್ರೀಯನ್ನು ಪಡೆದುದು ಈ ಇತಿಹಾಸದಲ್ಲಿ ಸ್ಮರಿಸತಕ್ಕ ಸಂಗತಿ.

ಬೆಲೆಯ ಲೆಕ್ಕವನ್ನು ಒಮ್ಮೆ ಹಾಕಿ ನೋಡಬಹುದು. ಐದು ದಿನ, ದಿನಕ್ಕೆ ಮೂರರಂತೆ ಹದಿನೈದು ಪ್ಯಾಡುಗಳು ಬೇಕು. ಒಂದಕ್ಕೆ ಐದು ರೂಪಾಯಿಯೆಂದಿಟ್ಟುಕೊಂಡರೆ ಒಬ್ಬಳಿಗೆ ತಿಂಗಳಿಗೆ ಎಪ್ಪತ್ತೈದು ರೂಪಾಯಿ. ತಾಯಿಯೂ ಇಬ್ಬರು ಹೆಣ್ಣುಮಕ್ಕಳೂ ಇರುವ ಮನೆಯಲ್ಲಿ ಅದು ಇನ್ನೂರಿಪ್ಪತ್ತೈದಾಗುತ್ತದೆ. ಕೂಲಿಯ ಮನೆಯಲ್ಲಿ ಈ ಹಣವು ಅಡುಗೆಯ ಎಣ್ಣೆಯೊಡನೆ, ಗಂಡುಮಗನ ಪುಸ್ತಕದೊಡನೆ ಸ್ಪರ್ಧಿಸಬೇಕು. ಸೋಲುವುದು ಯಾವುದೆಂಬುದನ್ನು ಹೇಳಬೇಕಾಗಿಲ್ಲ. ೨೦೧೭ರ ಜುಲೈಯಲ್ಲಿ ಸರಕು ಸೇವಾ ತೆರಿಗೆಯು ಬಂದಾಗ ಪ್ಯಾಡಿನ ಮೇಲೆ ನೂರಕ್ಕೆ ಹನ್ನೆರಡರಂತೆ ತೆರಿಗೆಯನ್ನು ಹಾಕಲಾಯಿತು. ಕುಂಕುಮ ಬಳೆಗಳಿಗೆ ಇಲ್ಲದ ತೆರಿಗೆ ಇದಕ್ಕೇಕೆಂದು ದೇಶದಲ್ಲೆಲ್ಲ ಕೂಗೆದ್ದಿತು. ಒಂದು ವರ್ಷದ ಬಳಿಕ, ೨೦೧೮ರ ಜುಲೈಯಲ್ಲಿ, ಅದನ್ನು ತೆಗೆದುಹಾಕಲಾಯಿತು.

ಸರ್ಕಾರದವರು ಈ ವಿಷಯದಲ್ಲಿ ಕೈಹಾಕಿದುದು ತಡವಾಗಿಯಾದರೂ ಸ್ತುತ್ಯವಾದ ಕಾರ್ಯ. ೨೦೧೧ರಲ್ಲಿ ಕೇಂದ್ರ ಸರ್ಕಾರವು ಆಯ್ದ ಜಿಲ್ಲೆಗಳ ಹಳ್ಳಿಗಳಲ್ಲಿ ಹತ್ತರಿಂದ ಹತ್ತೊಂಬತ್ತು ವರ್ಷದ ಹುಡುಗಿಯರಿಗೆ ಆಶಾ ಕಾರ್ಯಕರ್ತೆಯರ ಮೂಲಕ ಆರು ಪ್ಯಾಡುಗಳ ಕಟ್ಟನ್ನು ಆರು ರೂಪಾಯಿಗೆ ಮಾರುವ ಏರ್ಪಾಡನ್ನು ಮಾಡಿತು. ಕರ್ನಾಟಕ ಸರ್ಕಾರವು ೨೦೧೩-೧೪ರಲ್ಲಿ ಶುಚಿ ಯೋಜನೆಯನ್ನು ಆರಂಭಿಸಿ ಅದೇ ವಯಸ್ಸಿನವರಿಗೆ ಪ್ಯಾಡುಗಳನ್ನು ಉಚಿತವಾಗಿ ಹಂಚಿತು. ೨೦೧೮ರಿಂದ ಜನೌಷಧಿ ಕೇಂದ್ರಗಳಲ್ಲಿ ಒಂದು ಪ್ಯಾಡು ಎರಡೂವರೆ ರೂಪಾಯಿಗೂ, ೨೦೧೯ರ ಆಗಸ್ಟಿನಿಂದ ಒಂದು ರೂಪಾಯಿಗೂ ದೊರೆಯತೊಡಗಿತು. ಶಾಲೆಯಲ್ಲಿ ಹಂಚುವುದರಲ್ಲಿ ಒಂದು ವಿಶೇಷವಾದ ಗುಣವಿತ್ತು. ಅದು ಅಧ್ಯಕ್ಷರ ಮಗಳಿಗೂ ಕೂಲಿಯವನ ಮಗಳಿಗೂ ಒಂದೇ ಕಟ್ಟನ್ನು ಕೊಡುತ್ತಿತ್ತು. ಗುಟ್ಟಾಗಿದ್ದ ವಸ್ತುವನ್ನು ಹಾಜರಿಪುಸ್ತಕದ ಪಕ್ಕದ ವಸ್ತುವನ್ನಾಗಿ ಮಾಡುತ್ತಿತ್ತು.

ಆದರೆ ಕೊಡುಗೆಯಾಗಿ ಬಂದುದು ಕೊಡುಗೆಯಂತೆಯೇ ನಿಂತುಹೋಗಬಲ್ಲುದು. ೨೦೨೦ರ ಮಾರ್ಚಿಯಲ್ಲಿ ಕೋವಿಡ್ ಮಾರಿಯಿಂದ ಶಾಲೆಗಳು ಮುಚ್ಚಿದುವು. ಅದರೊಡನೆ ಹಂಚಿಕೆಯ ಕೊಂಡಿಯೂ ಕಳಚಿತು. ಶಾಲೆಗಳು ಮತ್ತೆ ತೆರೆದ ಮೇಲೂ ಶುಚಿಯು ವರ್ಷಗಟ್ಟಲೆ ಬರಲಿಲ್ಲ; ೨೦೨೪ರಲ್ಲಿಯಷ್ಟೇ ಅದು ಪುನಃ ಆರಂಭವಾಯಿತು. ೨೦೧೯ರಲ್ಲಿ ಏಳನೆಯ ತರಗತಿಯಲ್ಲಿದ್ದ ಹುಡುಗಿಯೊಬ್ಬಳು ಈ ಅವಧಿಯಲ್ಲಿ ಪ್ರೌಢಶಾಲೆಯನ್ನೇ ಮುಗಿಸಿ ಹೊರಬಂದಿರುತ್ತಾಳೆ. ಸರ್ಕಾರದ ಕಡತದಲ್ಲಿ ಕೆಲವು ವರ್ಷಗಳ ವಿರಾಮವೆನಿಸಿದುದು ಅವಳ ಪಾಲಿಗೆ ಹದಿಹರೆಯದ ಶಾಲಾಜೀವನದ ಪೂರ್ಣಭಾಗವಾಯಿತು. ಪಟ್ಟಣದ ಸ್ಥಿತಿವಂತರ ಮಗಳಿಗೆ ಈ ವಿರಾಮವು ತಿಳಿಯಲೂ ಇಲ್ಲ.

ಪ್ಯಾಡನ್ನು ಕೊಟ್ಟರೆ ಎಲ್ಲವೂ ಸರಿಹೋಗುವುದೆಂದು ತಿಳಿಯುವುದೂ ಅವಸರದ ಮಾತು. ಎಮಿಲಿ ಆಸ್ಟರ್, ರೆಬೆಕಾ ಥಾರ್ನ್‌ಟನ್ ಎಂಬ ವಿದ್ವಾಂಸೆಯರು ನೇಪಾಳದ ಚಿತವನ ಪ್ರಾಂತದಲ್ಲಿ ನಡೆಸಿ ೨೦೧೧ರಲ್ಲಿ ಪ್ರಕಟಿಸಿದ ಪರೀಕ್ಷೆಯೊಂದರಲ್ಲಿ, ಮುಟ್ಟಿನ ಬಟ್ಟಲನ್ನು ಪಡೆದ ಹುಡುಗಿಯರ ಹಾಜರಿಯು ಪಡೆಯದವರದಕ್ಕಿಂತ ಹೆಚ್ಚಲಿಲ್ಲ; ಮುಟ್ಟಿನ ಕಾರಣದಿಂದಲೇ ತಪ್ಪಿದ ದಿನಗಳು ಅಲ್ಲಿ ವರ್ಷಕ್ಕೆ ಒಂದಕ್ಕಿಂತಲೂ ಕಡಿಮೆಯಿದ್ದುವು. ಇದನ್ನು ಓದಿ ಸಮಸ್ಯೆಯೇ ಇಲ್ಲವೆಂದು ತೀರ್ಮಾನಿಸಿದವರೂ ಉಂಟು. ಆದರೆ ತರಗತಿಯಲ್ಲಿ ಕುಳಿತಿದ್ದಾಳೆಂದ ಮಾತ್ರಕ್ಕೆ ಕಲಿಯುತ್ತಿದ್ದಾಳೆಂದು ಹೇಳಲಾಗದು. ಲಂಗಕ್ಕೆ ಕಲೆಯಾದೀತೆಂದು ಏಳದೆ ಕುಳಿತವಳು, ಶಾಲೆಯಲ್ಲಿ ಮರೆಯಿಲ್ಲವೆಂದು ಬೆಳಗಿನಿಂದ ನೀರು ಕುಡಿಯದವಳು, ಉತ್ತರ ಗೊತ್ತಿದ್ದರೂ ಹಲಗೆಯ ಬಳಿಗೆ ಹೋಗದವಳು, ಇವರೆಲ್ಲರೂ ಹಾಜರಿಪುಸ್ತಕದ ಪ್ರಕಾರ ಹಾಜರು. ಆ ಪರೀಕ್ಷೆಯು ಕಲಿಸುವ ಪಾಠವೆಂದರೆ, ವಸ್ತುವೊಂದೇ ಸಾಲದು, ಅದರ ಸುತ್ತಲಿನ ಏರ್ಪಾಡೂ ಬೇಕೆಂಬುದು.

ಆ ಏರ್ಪಾಡುಗಳಲ್ಲಿ ಮೊದಲನೆಯದು ಶೌಚಗೃಹ. ಅಂಜಲಿ ಅದುಕಿಯಾ ಅವರು ಭಾರತದ ಶಾಲೆಗಳ ಅಂಕೆಗಳನ್ನು ಪರಿಶೀಲಿಸಿ ೨೦೧೭ರಲ್ಲಿ ಪ್ರಕಟಿಸಿದ ಸಂಶೋಧನೆಯಿಂದ, ಚಿಕ್ಕ ಮಕ್ಕಳಿಗೆ ಯಾವ ಶೌಚಗೃಹವಾದರೂ ಪ್ರಯೋಜನಕಾರಿಯೆಂದೂ, ಮೈನೆರೆಯುವ ವಯಸ್ಸಿನ ಹುಡುಗಿಯರಿಗಾದರೋ ಪ್ರತ್ಯೇಕವಾದುದಿದ್ದರೆ ಮಾತ್ರ ದಾಖಲಾತಿಯು ಹೆಚ್ಚುವುದೆಂದೂ ತಿಳಿದುಬಂದಿತು. ಎಲ್ಲ ಶಾಲೆಗಳಲ್ಲಿಯೂ ಹುಡುಗರಿಗೂ ಹುಡುಗಿಯರಿಗೂ ಬೇರೆ ಬೇರೆ ಶೌಚಗೃಹಗಳಿರಬೇಕೆಂದು ಸರ್ವೋಚ್ಚ ನ್ಯಾಯಾಲಯವು ೨೦೧೨ರಲ್ಲಿಯೇ ಆಜ್ಞಾಪಿಸಿದ್ದಿತು. ಗೋಡೆಯಿದ್ದು ನೀರಿಲ್ಲದಿದ್ದರೆ, ನೀರಿದ್ದು ಅಗುಳಿಯಿಲ್ಲದಿದ್ದರೆ, ಎರಡೂ ಇದ್ದು ಬಳಸಿದುದನ್ನು ಹಾಕಲು ಮುಚ್ಚಳದ ಬುಟ್ಟಿಯಿಲ್ಲದಿದ್ದರೆ, ಆ ಕಟ್ಟಡವು ಲೆಕ್ಕಕ್ಕುಂಟು, ಆಟಕ್ಕಿಲ್ಲ.

ಎರಡನೆಯದು ದಾರಿ. ಕಡ್ಡಾಯ ಶಿಕ್ಷಣದ ೨೦೦೯ರ ಕಾಯಿದೆಯು ಆರರಿಂದ ಹದಿನಾಲ್ಕು ವರ್ಷದವರೆಗೆ ವಿದ್ಯೆಯನ್ನು ಹಕ್ಕಾಗಿ ಮಾಡಿತು. ಹುಡುಗಿಯು ಮೈನೆರೆದು ಒಂದೆರಡು ವರ್ಷಗಳಾಗುವ ಹೊತ್ತಿಗೆ ಆ ಹಕ್ಕು ಮುಗಿಯುತ್ತದೆ. ಚಿಕ್ಕ ಊರುಗಳಲ್ಲಿ ಮನೆಯ ಬಳಿಯ ಶಾಲೆಯೂ ಅಲ್ಲಿಗೇ ಮುಗಿದು, ಪ್ರೌಢಶಾಲೆಗಾಗಿ ಗದ್ದೆಯ ಬಯಲನ್ನೂ ಕಾಡಿನ ಅಂಚನ್ನೂ ದಾಟಬೇಕಾಗುತ್ತದೆ. 'ದೊಡ್ಡವಳಾದಳು, ಅಷ್ಟು ದೂರ ಒಬ್ಬಳನ್ನೇ ಹೇಗೆ ಕಳುಹಿಸುವುದು' ಎಂಬ ತಾಯಿಯ ಅಂಜಿಕೆಯಲ್ಲಿ ಮಮತೆಯೇ ಇದೆ. ಫಲ ಮಾತ್ರ ಶಾಲೆ ಬಿಡಿಸಿದಂತೆಯೇ. ೨೦೦೬-೦೭ರಲ್ಲಿ, ಶಿಕಾರಿಪುರದ ಪ್ರತಿನಿಧಿಗಳಾದ ಬಿ. ಎಸ್. ಯಡಿಯೂರಪ್ಪನವರು ಉಪಮುಖ್ಯಮಂತ್ರಿಗಳೂ ಅರ್ಥಸಚಿವರೂ ಆಗಿದ್ದಾಗ, ಎಂಟನೆಯ ತರಗತಿಯ ಬಡ ಹುಡುಗಿಯರಿಗೆ ಉಚಿತವಾಗಿ ಸೈಕಲ್ಲುಗಳನ್ನು ಕೊಡುವ ಯೋಜನೆಯು ಆರಂಭವಾಗಿ, ಬಳಿಕ ಹುಡುಗರಿಗೂ ವಿಸ್ತರಿಸಿತು. ಅದೇ ಕಾಲದಲ್ಲಿ ಬಿಹಾರದಲ್ಲಿ ಆರಂಭವಾದ ಇಂಥದೇ ಯೋಜನೆಯಿಂದ ಪ್ರೌಢಶಾಲೆಗೆ ಸೇರುವ ಹುಡುಗಿಯರ ಸಂಖ್ಯೆಯು ಸುಮಾರು ಮೂರನೆಯ ಒಂದು ಭಾಗದಷ್ಟು ಹೆ‌ಚ್ಚಿತೆಂದು ವಿದ್ವಾಂಸರು ಲೆಕ್ಕ ಹಾಕಿದ್ದಾರೆ. ಪ್ಯಾಡಿನ ಮಾತಿನಲ್ಲಿ ಸೈಕಲ್ಲಿನ ಮಾತೇಕೆಂದು ಕೇಳುವವರು, ಮೈನೆರೆದ ದಿನದಿಂದ ಹುಡುಗಿಯ ಪಾಲಿಗೆ ದಾರಿಯೇ ಉದ್ದವಾಗುವುದೆಂಬುದನ್ನು ಮರೆಯಬಾರದು. ಕರ್ನಾಟಕದ ಸೈಕಲ್ ಹಂಚಿಕೆಯೂ ಮಾರಿಯ ಕಾಲದಲ್ಲಿಯೇ ನಿಂತಿತು.

ಮೂರನೆಯದು ತಿಳಿವಳಿಕೆ. ೨೦೧೯-೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಹದಿನೈದರಿಂದ ಇಪ್ಪತ್ತನಾಲ್ಕು ವಯಸ್ಸಿನವರಲ್ಲಿ ನೂರಕ್ಕೆ ಸುಮಾರು ೭೮ ಮಂದಿ ಶುಚಿಯಾದ ಸಾಧನವನ್ನು ಬಳಸುತ್ತಿದ್ದರು. ಹಿಂದಿನ ಸಮೀಕ್ಷೆಯಲ್ಲಿ ಇದು ೫೮ರಷ್ಟಿತ್ತು. ಸರಾಸರಿಯು ಸಂತೋಷವನ್ನುಂಟುಮಾಡುತ್ತದೆ, ಒಳಗಿನ ಭೇದವನ್ನು ಮುಚ್ಚುತ್ತದೆ. ಪಟ್ಟಣದಲ್ಲಿ ನೂರಕ್ಕೆ ೯೦, ಹಳ್ಳಿಯಲ್ಲಿ ೭೩. ಹನ್ನೆರಡು ವರ್ಷವಾದರೂ ಓದಿದವರಲ್ಲಿ ೯೦, ಶಾಲೆಯನ್ನೇ ಕಾಣದವರಲ್ಲಿ ೪೪. ಈ ಕೊನೆಯ ಎರಡು ಅಂಕೆಗಳಲ್ಲಿ ಇಡೀ ವಿಷಯದ ಸಾರವಿದೆ. ಸಾಧನವಿಲ್ಲದುದರಿಂದ ಓದು ಕುಂಟುತ್ತದೆ. ಓದಿಲ್ಲದುದರಿಂದ ಸಾಧನವು ದೂರವಾಗುತ್ತದೆ. ಒಂದು ತಲೆಮಾರಿನ ಕೊರತೆಯು ತಾಯಿಯ ಮೌನದ ಮೂಲಕ ಮಗಳಿಗೆ ಬಳುವಳಿಯಾಗಿ ಸಾಗುತ್ತದೆ. ಇದಕ್ಕೆ ರಕ್ತಹೀನತೆಯೂ ಸೇರುತ್ತದೆ. ಅದೇ ಸಮೀಕ್ಷೆಯಲ್ಲಿ ದೇಶದ ಹದಿನೈದರಿಂದ ಹತ್ತೊಂಬತ್ತು ವಯಸ್ಸಿನ ಹುಡುಗಿಯರಲ್ಲಿ ನೂರಕ್ಕೆ ೫೯ ಮಂದಿಗೆ ರಕ್ತವು ಸಾಲದಾಗಿತ್ತು.

ಹೊರಗಿನ ಲೋಕವು ಈ ಪ್ರಶ್ನೆಯನ್ನು ಹೇಗೆ ಎದುರಿಸಿತೆಂಬುದೂ ವಿಚಾರಾರ್ಹ. ಆಫ್ರಿಕದ ಕೆನ್ಯಾ ದೇಶವು ೨೦೦೪ರಲ್ಲಿ ಪ್ಯಾಡಿನ ಮೇಲಣ ತೆರಿಗೆಯನ್ನು ತೆಗೆದು, ೨೦೧೭ರಲ್ಲಿ ಶಾಲಾಬಾಲಿಕೆಯರಿಗೆ ಅದನ್ನು ಉಚಿತವಾಗಿ ಕೊಡಬೇಕೆಂದು ಶಿಕ್ಷಣದ ಕಾನೂನಿನಲ್ಲಿಯೇ ಬರೆಯಿತು. ಸ್ಕಾಟ್ಲೆಂಡಿನ ಶಾಸನಸಭೆಯು ೨೦೨೦ರಲ್ಲಿ, ಬೇಕಾದವರೆಲ್ಲರಿಗೂ ಇದು ಉಚಿತವಾಗಿ ದೊರೆಯಬೇಕೆಂದು ಕಾನೂನು ಮಾಡಿತು. ಭಾರತದ ಸರ್ವೋಚ್ಚ ನ್ಯಾಯಾಲಯವು ಜಯಾ ಠಾಕೂರರ ಅರ್ಜಿಯ ಮೇಲೆ ೨೦೨೩ರ ಏಪ್ರಿಲಿನಲ್ಲಿ, ಶಾಲಾಬಾಲಿಕೆಯರಿಗಾಗಿ ದೇಶಕ್ಕೆಲ್ಲ ಒಂದೇ ನೀತಿಯನ್ನು ರೂಪಿಸಬೇಕೆಂದು ಕೇಂದ್ರಕ್ಕೆ ಸೂಚಿಸಿತು. ಯೋಜನೆಗೂ ಕಾನೂನಿಗೂ ಇರುವ ಅಂತರವು ಇಲ್ಲಿದೆ: ಆಯವ್ಯಯದಲ್ಲಿ ಹಣ ಸಾಲದಾದರೆ ಯೋಜನೆಯು ಮೌನವಾಗಿ ಮಲಗುತ್ತದೆ, ಕಾನೂನಿದ್ದರೆ ಕೇಳುವವರಿಗೆ ನಿಲ್ಲಲು ನೆಲವಿರುತ್ತದೆ.

ಸೊರಬ ತಾಲೂಕಿನ ಕ್ಯಾಸನೂರು ಎಂಬ ಚಿಕ್ಕ ಊರು ಲೋಕದ ವೈದ್ಯಗ್ರಂಥಗಳಲ್ಲೆಲ್ಲ ಪ್ರಸಿದ್ಧವಾಗಿದೆ. ೧೯೫೭ರಲ್ಲಿ ಅಲ್ಲಿನ ಕಾಡಿನಲ್ಲಿ ಮಂಗಗಳು ಸಾಯತೊಡಗಿ, ಮನುಷ್ಯರಿಗೂ ಜ್ವರವು ಹಬ್ಬಿದಾಗ, ಪುಣೆಯಿಂದ ವಿಜ್ಞಾನಿಗಳು ಧಾವಿಸಿ ಬಂದು ಹೊಸ ವೈರಸ್ಸನ್ನು ಕಂಡುಹಿಡಿದರು. ಕೊಲ್ಲುವ ರೋಗವು ಕಾಡಿನ ಮೂಲೆಗೂ ಲೋಕದ ಗಮನವನ್ನು ಎಳೆದು ತರುತ್ತದೆ. ಕೊಲ್ಲದೆ, ತಿಂಗಳಿಗೊಮ್ಮೆ ಬಂದು, ಅರ್ಧದಷ್ಟು ಮಕ್ಕಳ ಓದನ್ನು ಸ್ವಲ್ಪಸ್ವಲ್ಪವಾಗಿ ಸವೆಯಿಸುವುದಕ್ಕೆ ಅಂಥ ಧಾವಂತವು ಹುಟ್ಟುವುದಿಲ್ಲ. ಅದು ರೋಗವಲ್ಲವೆಂಬುದೇ ಅದರ ಅಲಕ್ಷ್ಯಕ್ಕೆ ಕಾರಣವಾಯಿತು.

೨೦೧೧ರ ಜನಗಣತಿಯ ವೇಳೆಗೆ ಶಿವಮೊಗ್ಗ ಜಿಲ್ಲೆಯ ಹೆಂಗಸರಲ್ಲಿ ಮುಕ್ಕಾಲು ಪಾಲಿನಷ್ಟು ಮಂದಿ ಅಕ್ಷರಸ್ಥರಾಗಿದ್ದರು. ನೂರಕ್ಕೆ ಒಬ್ಬಳೂ ಇಲ್ಲದ ಸ್ಥಿತಿಯಿಂದ ಇಲ್ಲಿಗೆ ಬಂದುದು ಅಲ್ಪ ಸಾಧನೆಯಲ್ಲ. ಅಕ್ಷರದ ಹಂತವನ್ನು ಹೆಣ್ಣುಮಕ್ಕಳು ದಾಟಿದ್ದಾರೆ. ಪರೀಕ್ಷೆಯಲ್ಲಿ ಹುಡುಗರನ್ನು ಮೀರಿಸುತ್ತಲೂ ಇದ್ದಾರೆ. ಇನ್ನುಳಿದ ತೊಡಕು ಎಂಟನೆಯ ತರಗತಿಗೂ ಹನ್ನೆರಡನೆಯ ತರಗತಿಗೂ ನಡುವಣದು. ಅದನ್ನು ತಿಳಿಯಲು ದೊಡ್ಡ ಸಮೀಕ್ಷೆಯೇನೂ ಬೇಕಾಗಿಲ್ಲ. ಊರಿನ ಹಿರಿಯರು ತಮ್ಮ ಶಾಲೆಯ ಶೌಚಗೃಹದಲ್ಲಿ ನಲ್ಲಿಯನ್ನು ತಿರುಗಿಸಿ ನೀರು ಬರುವುದೇ ಎಂದು ನೋಡಬಹುದು. ಅಗುಳಿಯನ್ನು ಹಾಕಿ ನೋಡಬಹುದು. ಕಪಾಟಿನಲ್ಲಿ ಈ ತಿಂಗಳ ಕಟ್ಟುಗಳು ಇವೆಯೇ ಎಂದು ಉಪಾಧ್ಯಾಯಿನಿಯನ್ನು ಕೇಳಬಹುದು. ಎಂಟನೆಯ ತರಗತಿಗೆ ಸೇರಿದ ಹುಡುಗಿಯರಲ್ಲಿ ಹತ್ತನೆಯ ತರಗತಿಯಲ್ಲಿ ಎಷ್ಟು ಮಂದಿ ಉಳಿದಿದ್ದಾರೆಂದು ಹಾಜರಿಪುಸ್ತಕದಿಂದ ಎಣಿಸಬಹುದು. ಉಳಿಯದವರ ಹೆಸರುಗಳನ್ನು ಓದಿದರೆ ಅವರು ಯಾವ ಮನೆಗಳವರೆಂಬುದು ಊರಿನವರಿಗೆ ತಾನಾಗಿಯೇ ತಿಳಿಯುವುದು.